ಒಣ ಕಾಡಿನಲ್ಲಿ ಕಾಫಿಯ ದಾಯಾದಿ

ಜಗಳೂರು ಸೀಮೆಯ ನಮ್ಮದು ಮಳೆ ನಂಬಿದ ಬೇಸಾಯ. ಮೆಕ್ಕೆಜೋಳ, ಶೇಂಗಾ, ರಾಗಿ. ಟೀ, ಕಾಫಿ ಕುಡಿಯೋದಕ್ಕೆ ಮಾತ್ರ ಬರ ಇಲ್ಲ! ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯ ನೀರಿರುವ ನೆಂಟರು ಅಡಿಕೆ ನಡುವೆ ಕಾಫಿ ಹಾಕೋಣವೇ ಅಂತ ಕೇಳತೊಡಗಿದ ಮೇಲೆ ಆ ಗಿಡದ ಕುಲಗೋತ್ರ ಹುಡುಕಿ ಓದಿದೆ. ನಮ್ಮಂಥ ಒಣಭೂಮಿಯವರಿಗೂ ಬೇಕಾದ ವಿಷಯ ಅದರಲ್ಲಿತ್ತು.

ನಿದ್ದೆ ಓಡಿಸುವ ಪದಾರ್ಥ ಕೆಫೀನ್. ಗಿಡ ಅದನ್ನು ಮಾಡೋದು ನಮಗಾಗಿ ಅಲ್ಲ, ಎಲೆ ತಿನ್ನುವ ಹುಳುವಿನಿಂದ ತಪ್ಪಿಸಿಕೊಳ್ಳಲಿಕ್ಕೆ. ಎಳೆ ಚಿಗುರಿನಲ್ಲಿ ಜಾಸ್ತಿ ಇರೋದೂ ಅದಕ್ಕೇ. ಅರೇಬಿಕಾ ಬೀಜದಲ್ಲಿ ನೂರಕ್ಕೆ ಸುಮಾರು 1.2 ಪಾಲು, ರೊಬಸ್ಟಾದಲ್ಲಿ 2ರ ಮೇಲೆ.

ಇದು ತಯಾರಾಗುವುದು ಹೀಗೆ: ಗಿಡದೊಳಗಿನ ಒಂದು ವಸ್ತುವಿಗೆ ಮೀಥೈಲ್ ಎಂಬ ತುಣುಕನ್ನು ಮೂರು ಸಲ ಅಂಟಿಸಬೇಕು. ಎರಡಕ್ಕೇ ನಿಂತರೆ ಕೋಕೋದಲ್ಲಿರುವ ಥಿಯೋಬ್ರೊಮಿನ್, ಮೂರನೆಯದೂ ಅಂಟಿದರೆ ಕೆಫೀನ್. ಅಂಟಿಸುವ ಕಿಣ್ವ ಯಾವುದಿರಬೇಕು ಅನ್ನೋದು ವಂಶವಾಹಿಯಲ್ಲಿ, ಅಂದರೆ ಜೀನಿನಲ್ಲಿ ಬರೆದಿರುತ್ತದೆ. ಟೀ ಗಿಡದ ಈ ಜೀನನ್ನು ಜಪಾನಿನವರು 2000ದಲ್ಲಿ ಗುರುತಿಸಿದರು. ಚೀನಾದಲ್ಲಿರುವ ಟೀಯ ದಾಯಾದಿಯೊಂದರ ಕಿಣ್ವ ತುಸು ಬೇರೆ. ಅದು ಎರಡಕ್ಕೇ ನಿಲ್ಲುತ್ತದೆ.

2014ರಲ್ಲಿ ರೊಬಸ್ಟಾದ ಎಲ್ಲ ಜೀನುಗಳನ್ನು ಓದಿ ನೋಡಿದಾಗ ಒಂದು ಸೋಜಿಗ ಕಂಡಿತು. ಕಾಫಿ, ಟೀ ಈ ವಿದ್ಯೆಯನ್ನು ಒಬ್ಬ ಅಜ್ಜನಿಂದ ಪಡೆದಿಲ್ಲ, ಬೇರೆ ಬೇರೆಯಾಗಿ ಕಲಿತಿವೆ. ಎರಡೂರಿನ ಕಮ್ಮಾರರು ಒಬ್ಬರನ್ನೊಬ್ಬರು ನೋಡದೆ ಒಂದೇ ತರದ ಕುಡುಗೋಲು ಬಡಿದ ಹಾಗೆ.

ಇನ್ನು ನಮ್ಮ ಕಡೆಯ ಮಾತು. ದಕ್ಷಿಣ ಭಾರತದ ಒಣ ಕುರುಚಲು ಕಾಡುಗಳಲ್ಲಿ ಕಾಫಿಯ ದಾಯಾದಿ ಒಂದಿದೆ, ಹೆಸರು ಕಾಫಿಯಾ ವೈಟಿಯಾನಾ. ಹಿಂದೆ ಬೇರೆ ಕುಲವೆಂದು ದೂರವಿಟ್ಟಿದ್ದರು, 2011ರಲ್ಲಿ ಕಾಫಿ ಕುಲಕ್ಕೇ ಸೇರಿಸಿಕೊಂಡರು. ಅದರಲ್ಲಿ ಕೆಫೀನ್ ಇಲ್ಲ. ಬರಕ್ಕೆ ಜಗ್ಗುವುದಿಲ್ಲ. ತೋಟದ ಬೆಳೆ ಅದಲ್ಲ, ನಾಳೆ ಹಾಕಿ ದುಡ್ಡು ಎಣಿಸುತ್ತೇನೆ ಅನ್ನಬೇಡಿ.

ಆದರೂ ಅದು ಬೇಕು. ಬಾಬಾಬುಡನ್ ಏಳು ಬೀಜ ತಂದರೆಂಬ ಪ್ರತೀತಿ ನಿಮಗೂ ಗೊತ್ತು. ತೋಟದ ಅರೇಬಿಕಾ ಹಬ್ಬಿದ್ದು ಕೆಲವೇ ಗಿಡಗಳ ಸಂತತಿಯಿಂದ. ಹೊಸ ಗುಣ ಬೇಕೆಂದರೆ ಕಾಡಿನ ನೆಂಟರನ್ನೇ ಕೇಳಬೇಕು. ಇಥಿಯೋಪಿಯಾದಿಂದ ತಂದು ಕಾಪಾಡಿದ್ದ ಅರೇಬಿಕಾ ತಳಿಗಳನ್ನು ಬ್ರೆಜಿಲ್‌ನವರು ಜಾಲಾಡಿದಾಗ, ಕೆಫೀನ್ ಇಲ್ಲವೆನ್ನುವಷ್ಟು ಕಡಿಮೆಯಿರುವ ಗಿಡಗಳು ಸಿಕ್ಕಿದ್ದು 2004ರಲ್ಲಿ ವರದಿಯಾಯಿತು. ಕಾಪಾಡಿದ್ದಕ್ಕೆ ಸಿಕ್ಕಿತು. ನಾವೋ, ಕುರುಚಲೆಂದರೆ ಬೀಳು ಅಂದುಕೊಂಡು ಜೆಸಿಬಿ ಬಿಟ್ಟು ಮೆಕ್ಕೆಜೋಳ ಬಿತ್ತುತ್ತೇವೆ.

ಗುಡ್ಡದಂಚಿನಲ್ಲಿ ಎದುರುಬದುರು ಎಲೆ, ಮಲ್ಲಿಗೆಯಂಥ ಬಿಳಿ ಹೂವಿನ ಗುರುತಿಲ್ಲದ ಪೊದೆ ಕಂಡರೆ ಕಡಿಯುವ ಮೊದಲು ತಿಳಿದವರಿಗೆ ತೋರಿಸಿ. ಅಡಿಕೆ ನಡುವೆ ಯಾವ ಕಾಫಿ ಅನ್ನುವ ನೆಂಟರು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ವಿಚಾರಿಸಲಿ.