ಅಂತಿಯೋಕ್ಯದ ಪಂಕ್ತಿ

ಚಾಮರಾಜನಗರ, ಗುಂಡ್ಲುಪೇಟೆಗಳ ಸೀಮೆಯವರಿಗೆ ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನ ಜಾತ್ರೆ ಹೊಸದಲ್ಲ. ಮಂಟೇಸ್ವಾಮಿಯ ಶಿಷ್ಯನಾದ ಸಿದ್ಧಪ್ಪಾಜಿಯ ಗದ್ದುಗೆಯ ಬಳಿ ನಡೆಯುವ ಆ ಐದು ದಿನಗಳ ಉತ್ಸವದಲ್ಲಿ ಪಂಕ್ತಿಸೇವೆಯೂ ಒಂದು. ನಾನಾ ಜಾತಿಯ ಒಕ್ಕಲುಗಳು ಬಯಲಿನಲ್ಲಿ ಅಡಿಗೆ ಮಾಡಿ ಒಟ್ಟಿಗೆ ಕುಳಿತು ಉಣ್ಣುವರು. ಊರಿಗೆ ಮರಳಿದ ಮೇಲೆ ಆ ಪಂಕ್ತಿ ಉಳಿಯುವುದೇ ಎಂಬುದು ಬೇರೆ ಮಾತು.

ಭಕ್ತಿ ಒಂದಾದರೆ ಊಟವೂ ಒಂದಾಗಬೇಕೆ? ಕ್ರೈಸ್ತಮತವು ತನ್ನ ಶೈಶವದಲ್ಲಿಯೇ ಈ ಪ್ರಶ್ನೆಯನ್ನು ಎದುರಿಸಬೇಕಾಯಿತು.

ಯೇಸುವಿನ ಮೊದಲ ಶಿಷ್ಯರೆಲ್ಲರೂ ಯೆಹೂದ್ಯರು. ಸುನ್ನತಿ, ಸಬ್ಬತ್ತು, ಆಹಾರದ ವಿಧಿನಿಷೇಧಗಳು ಅವರಿಗೆ ಹುಟ್ಟಿನೊಡನೆ ಬಂದವು. ಸಿರಿಯಾ ದೇಶದ ಅಂತಿಯೋಕ್ಯದಲ್ಲಿ ಗ್ರೀಕರೂ ವಿಶ್ವಾಸಿಗಳಾದಾಗ ತೊಡಕು ಹುಟ್ಟಿತು. ‘ಕ್ರೈಸ್ತರು’ ಎಂಬ ಹೆಸರು ಮೊದಲು ಕೇಳಿಬಂದುದೂ ಆ ಊರಿನಲ್ಲಿಯೇ. ಈ ಅನ್ಯಜನರು ಮೊದಲು ಯೆಹೂದ್ಯರಾಗಿ ಅನಂತರ ಕ್ರೈಸ್ತರಾಗಬೇಕೆ? ಕ್ರಿ. ಶ. 49ರ ಸುಮಾರಿಗೆ ಯೆರೂಸಲೇಮಿನಲ್ಲಿ ಸೇರಿದ ಹಿರಿಯರು ಸುನ್ನತಿ ಬೇಡವೆಂದರು. ವಿಗ್ರಹಗಳಿಗೆ ಅರ್ಪಿಸಿದುದು, ರಕ್ತ, ಕುತ್ತಿಗೆ ಹಿಸುಕಿ ಕೊಂದುದರ ಮಾಂಸ, ಹಾದರ—ಇವನ್ನು ತೊರೆದರೆ ಸಾಕೆಂದರು.

ನಿರ್ಣಯ ಮಾಡುವುದು ಸುಲಭ. ಪಕ್ಕದಲ್ಲಿ ಕುಳಿತು ಉಣ್ಣುವುದು ಕಷ್ಟ. ಅದೇ ಕಾಲದ ಆಸುಪಾಸಿನಲ್ಲಿ ಅಂತಿಯೋಕ್ಯಕ್ಕೆ ಬಂದ ಪೇತ್ರನು ಗ್ರೀಕರೊಡನೆ ಸಂಕೋಚವಿಲ್ಲದೆ ಉಣ್ಣುತ್ತಿದ್ದನು. ಯೆರೂಸಲೇಮಿನ ಯಾಕೋಬನ ಕಡೆಯವರು ಕೆಲವರು ಬಂದೊಡನೆ ಮೆಲ್ಲನೆ ಹಿಂದೆ ಸರಿದನು. ಉಳಿದ ಯೆಹೂದ್ಯರು ಅವನನ್ನು ಅನುಸರಿಸಿದರು. ಪೌಲನ ಸಂಗಡಿಗನಾದ ಬಾರ್ನಬನೂ ಕೂಡ! ಪೌಲನು ಸುಮ್ಮನಿರಲಿಲ್ಲ. ನೀನೇ ಅನ್ಯಜನರಂತೆ ಬಾಳುತ್ತಿದ್ದು ಅವರನ್ನು ಯೆಹೂದ್ಯರಾಗೆಂದು ಒತ್ತಾಯಿಸುವುದು ಹೇಗೆಂದು ಎಲ್ಲರೆದುರಿಗೆ ಪೇತ್ರನನ್ನು ಕೇಳಿದನು.

ಪೌಲನ ಮಾತು ನ್ಯಾಯವಾದುದೇ. ಎಲೆ ಬೇರೆಯಾದರೆ ಹೊಸಬನು ಎಂದೆಂದಿಗೂ ಹೊರಗಿನವನೇ. ಆದರೂ ಪೇತ್ರನನ್ನು ಬರಿಯ ಅಂಜುಬುರುಕನೆನ್ನಲು ನನಗೆ ಮನಸ್ಸಿಲ್ಲ. ಕ್ರಿ. ಪೂ. 167ರಲ್ಲಿ ಯೆಹೂದ್ಯರ ಆಚಾರಗಳನ್ನು ನಿಷೇಧಿಸಿದ ನಾಲ್ಕನೆಯ ಅಂತಿಯೋಕನೆಂಬ ಅರಸನ ರಾಜಧಾನಿ ಇದೇ ಪಟ್ಟಣ. ಹಂದಿಯ ಮಾಂಸವನ್ನು ಮುಟ್ಟಲೊಲ್ಲದೆ ಪ್ರಾಣ ತೆತ್ತ ಹಿರಿಯರ ಕಥೆಗಳನ್ನು ಯೆಹೂದ್ಯರು ಮರೆತಿರಲಿಲ್ಲ. ಅವರಿಗೆ ಊಟದ ನೇಮವೆಂದರೆ ಬರಿಯ ಮಡಿಯಲ್ಲ, ಪೂರ್ವಿಕರಿಗೆ ಸಲ್ಲಬೇಕಾದ ಋಣ.

ಪೌಲನೂ ಇದನ್ನು ಅರಿಯದವನಲ್ಲ. ತಾಯಿ ಯೆಹೂದ್ಯಳೂ ತಂದೆ ಗ್ರೀಕನೂ ಆಗಿದ್ದ ತಿಮೊಥೆಯನಿಗೆ, ಆ ಸೀಮೆಯ ಯೆಹೂದ್ಯರ ನಿಮಿತ್ತವಾಗಿ, ಅವನೇ ಸುನ್ನತಿ ಮಾಡಿಸಿದನೆಂದು ‘ಅಪೊಸ್ತಲರ ಕೃತ್ಯಗಳು’ ಹೇಳುತ್ತದೆ. ಅಂತಿಯೋಕ್ಯದ ಜಗಳ ನಮಗೆ ತಿಳಿದಿರುವುದು ಪೌಲನು ಗಲಾತ್ಯದವರಿಗೆ ಬರೆದ ಪತ್ರದಿಂದ. ತಾನು ಆಡಿದುದನ್ನು ಅವನು ಅಲ್ಲಿ ಬರೆದಿದ್ದಾನೆ. ಪೇತ್ರನು ಏನು ಉತ್ತರ ಕೊಟ್ಟನೆಂಬುದನ್ನು ಬರೆದಿಲ್ಲ.