ನಿಮಗಿದು ಗೊತ್ತೆ? ಇಂಟರ್‌ನೆಟ್ ವೇಗ ಕುಗ್ಗಿಸಲು ಒಂದೇ ತಂತಿ ಸಾಕು!

300 ಎಂಬಿಪಿಎಸ್ ಸಂಪರ್ಕ ಹಾಕಿಸಿದ್ದೀರಿ, ಆದರೆ ಕಂಪ್ಯೂಟರ್‌ನಲ್ಲಿ ವೇಗ 95 ದಾಟುತ್ತಲೇ ಇಲ್ಲವೆ? ಮೊದಲು ಕೇಬಲ್ ನೋಡಿ.

● ಲ್ಯಾನ್ ಕೇಬಲ್‌ನೊಳಗೆ ಎರಡೆರಡಾಗಿ ಹೆಣೆದ 8 ತಂತಿಗಳಿವೆ. 100 ಎಂಬಿಪಿಎಸ್‌ಗೆ ಕಿತ್ತಳೆ, ಹಸಿರು ಜೋಡಿಗಳ ನಾಲ್ಕು ತಂತಿ ಸಾಕು. ಗಿಗಾಬಿಟ್ ವೇಗಕ್ಕೆ ಎಂಟೂ ಬೇಕು. ಬಾಗಿಲ ಸಂದಿಗೆ ಸಿಕ್ಕಿ ನೀಲಿ ಅಥವಾ ಕಂದು ತಂತಿಯೊಂದು ತುಂಡಾದರೆ ಸಂಪರ್ಕ ಕಡಿಯದೆ, ಎಷ್ಟೋ ಸಲ ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತದೆ. ಕೇಬಲ್ ಬದಲಿಸಿದರೆ ತೊಂದರೆ ಮುಗಿಯಿತು.

● ಮೈಕ್ರೋವೇವ್ ಓವನ್ ಕೆಲಸ ಮಾಡುವುದು ಸುಮಾರು 2.45 ಗಿಗಾಹರ್ಟ್ಸ್ ಆವರ್ತನದಲ್ಲಿ. ವೈಫೈನ 2.4 ಗಿಗಾಹರ್ಟ್ಸ್ ಪಟ್ಟಿಯೂ ಅಲ್ಲೇ ಇದೆ. ಹಾಗಾಗಿ ಅಡುಗೆಮನೆಯಲ್ಲಿ ಓವನ್ ಓಡುವಾಗ ಹಾಲ್‌ನಲ್ಲಿ ವಿಡಿಯೊ ತಡವರಿಸಬಹುದು.

● 2.4 ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಪಾರ್ಟ್‌ಮೆಂಟ್‌ನ ಹತ್ತಾರು ರೌಟರ್‌ಗಳು ಇವನ್ನೇ ಹಂಚಿಕೊಳ್ಳಬೇಕು. 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಜಾಗ ಹೆಚ್ಚು, ವೇಗವೂ ಹೆಚ್ಚು. ಆದರೆ ದಪ್ಪ ಗೋಡೆ ದಾಟುವಾಗ ಅದು ಬೇಗ ಸೊರಗುತ್ತದೆ.

● ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು. ಡೌನ್‌ಲೋಡ್ ಕಿಟಕಿ ತೋರಿಸುವುದು ಸಾಮಾನ್ಯವಾಗಿ ಮೆಗಾಬೈಟ್. 8 ಬಿಟ್‌ಗೆ 1 ಬೈಟ್. ಆದ್ದರಿಂದ 100 ಎಂಬಿಪಿಎಸ್‌ನಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್ ಇಳಿದರೆ ಅದೇ ಪೂರ್ತಿ ವೇಗ.

ರೌಟರನ್ನು ಕಬ್ಬಿಣದ ಬೀರುವಿನ ಹಿಂದೆ ಅಡಗಿಸಬೇಡಿ. ಮನೆಯ ನಡುವೆ, ಎತ್ತರದಲ್ಲಿಡಿ. ದೂರು ಕೊಡುವ ಮುನ್ನ ಒಳ್ಳೆಯ ಕೇಬಲನ್ನು ನೇರವಾಗಿ ರೌಟರ್‌ಗೆ ಸಿಕ್ಕಿಸಿ ಒಮ್ಮೆ ವೇಗ ಅಳೆಯಿರಿ. ಅಲ್ಲಿ ವೇಗ ಸರಿಯಿದ್ದರೆ ದೋಷ ಮನೆಯೊಳಗೇ ಇದೆ.