ವ್ಯತ್ಯಾಸ ಹುಡುಕಿ, ಜೀವ ಉಳಿಸಿ

ಮಕ್ಕಳೇ, ಎರಡು ಚಿತ್ರಗಳ ನಡುವಿನ ವ್ಯತ್ಯಾಸ ಹುಡುಕುವ ಆಟ ನಿಮಗೆ ಗೊತ್ತಲ್ಲವೇ? ಜೀವ ಉಳಿಸಲೂ ಅದು ನೆರವಾಗುತ್ತದೆ!

2010ರ ಜನವರಿ 12ರಂದು ಕೆರಿಬಿಯನ್ ಸಮುದ್ರದ ಹೈಟಿ ದೇಶದಲ್ಲಿ 7.0 ಪ್ರಮಾಣದ ಭೂಕಂಪವಾಯಿತು. ಸಾವಿರಾರು ಕಟ್ಟಡಗಳು ಕುಸಿದವು. ಯಾವ ರಸ್ತೆ ತೆರೆದಿದೆ ಎಂಬುದೇ ನೆರವು ತಂದವರಿಗೆ ತಿಳಿಯದಾಯಿತು. ಆಗ ಅಮೆರಿಕದ ವಾಯುಪಡೆಯ ‘ಗ್ಲೋಬಲ್ ಹಾಕ್’ ಎಂಬ ಪೈಲಟ್ ಇಲ್ಲದ ವಿಮಾನ ಮೇಲಿನಿಂದ ಚಿತ್ರ ತೆಗೆಯಿತು. ಶತ್ರುವಿನ ಚಲನವಲನ ಪತ್ತೆಹಚ್ಚುವ ಸೇನಾ ವಿಶ್ಲೇಷಕರು ಅವನ್ನು ಭೂಕಂಪಕ್ಕೆ ಮೊದಲಿನ ಚಿತ್ರಗಳೊಡನೆ ಹೋಲಿಸಿದರು. ಹಾಳಾದ ಬಂದರು, ಮುಚ್ಚಿಹೋದ ರಸ್ತೆ, ಹೆಲಿಕಾಪ್ಟರ್ ಇಳಿಯಬಹುದಾದ ಬಯಲುಗಳನ್ನು ಗುರುತಿಸಿದರು. ಸಾಮಾನ್ಯವಾಗಿ ಗುಟ್ಟಾಗಿಡುವ ಇಂಥ ಚಿತ್ರಗಳನ್ನು ಆಗ ಎಲ್ಲರಿಗೂ ಬಿಡುಗಡೆ ಮಾಡಲಾಯಿತು.

ಆದರೆ ಅವಶೇಷಗಳಡಿ ಸಿಲುಕಿದವರು ಆಕಾಶದಿಂದ ಕಾಣುವುದಿಲ್ಲ. ಅವರ ದನಿ ಕೇಳಲು ಮನುಷ್ಯರೇ ಹತ್ತಿರ ಹೋಗಬೇಕು. ಯಾವ ದಾರಿಯಲ್ಲಿ ಹೋದರೆ ಬೇಗ ತಲುಪಬಹುದು ಎಂಬುದನ್ನು ಚಿತ್ರ ತಿಳಿಸುತ್ತದೆ.